ಪೆಟ್ಟಿಗೆಯಲ್ಲಿದ್ದ ಮರದ ತುಂಡು

ಬೋರ್‌ಹೋಲ್ ನಂಬರ್ ಮೂರು, ಎರಡನೇ ಕೋರ್ ಪೆಟ್ಟಿಗೆ. ಕೋರ್ ಅಂದರೆ ನೆಲ ಕೊರೆದಾಗ ಉರುಳೆಯಾಗಿ ಮೇಲೆ ಬರುವ ಮಣ್ಣು, ಬಂಡೆ. ಊರಿನ ಆಚಾರಿ ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಟ್ಟಿದ್ದ ಪೆಟ್ಟಿಗೆ, ಐದು ಸಾಲು. ಮೇಲಿನ ಎರಡು ಸಾಲಿನಲ್ಲಿ ತುಕ್ಕುಗೆಂಪಿನ ಮುರಕಲ್ಲು. ಕೆಳಗಿನ ಎರಡರಲ್ಲಿ ಉಗುರಲ್ಲಿ ಕೆರೆದರೆ ಉದುರುವ, ಹಸಿರುಕಪ್ಪು ಬಣ್ಣದ ಶಿಥಿಲ ಬಂಡೆ. ನಡುವಿನ ಸಾಲಿನಲ್ಲಿ ಗೇಣುದ್ದದ ಒಂದು ಮರದ ತುಂಡು. ಅದರ ಮೇಲೆ ಡ್ರಿಲ್ಲರ್ ನೀಲಿ ಮಾರ್ಕರ್‌ನಲ್ಲಿ ಬರೆದಿದ್ದ: ‘ಕೋರ್ ಲಾಸ್, 7.30 ರಿಂದ 8.50’. ಅಂದರೆ ಆ 1.2 ಮೀಟರಿನಲ್ಲಿ ಬಿಟ್‌ಗೆ ಸಿಕ್ಕಿದ್ದು ಮೇಲಕ್ಕೆ ಬರಲಿಲ್ಲ, ಕೊರೆಯುವ ನೀರಿನ ಜೊತೆಗೆ ತೊಳೆದು ಹೋಯಿತು ಅಂತ ಅರ್ಥ. ನಾನು ಲಾಗ್‌ಶೀಟಿಗೆ ಅದನ್ನೇ ಇಳಿಸಿಕೊಂಡು ಸಹಿ ಹಾಕಿದೆ.

ಸುಮಾರು ಮೂವತ್ತು ವರ್ಷ ಮಣ್ಣು, ಬಂಡೆ ನೋಡುವ ಕೆಲಸದಲ್ಲಿದ್ದೇನೆ. ನೆನೆಸಿಕೊಂಡರೆ ನಾಚಿಕೆಯಾಗುವ ಸಹಿ ಅದೊಂದೇ ಏನಲ್ಲ, ಆದರೆ ಅದು ಮೊದಲನೆಯದು.

ಇದು 1990ರ ದಶಕದ ಕೊನೆಯ ಮಾತು. ಆಗ ಬೆಂಗಳೂರಿನ ಒಂದು ಮಣ್ಣು ಪರೀಕ್ಷೆ ಸಂಸ್ಥೆಯಲ್ಲಿ ನಾನು ಭೂವಿಜ್ಞಾನಿ. ಒಂದು ಕಂಪನಿ, ಹೆಸರು ಬೇಡ, ಬಾಬಾಬುಡನ್ ಸಾಲಿನ ಪಶ್ಚಿಮ ಮಗ್ಗುಲಲ್ಲಿ ಮ್ಯಾಗ್ನೆಟೈಟ್ ಅದಿರು ತೆಗೆಯುವ ಯೋಚನೆಯಲ್ಲಿತ್ತು. ಅದಿರು ಎಲ್ಲಿದೆ, ಎಷ್ಟಿದೆ ಅನ್ನುವುದನ್ನು ಬೇರೆಯವರು ನೋಡಿದ್ದರು. ನಮಗೆ ಬಂದ ಕೆಲಸ ಅಷ್ಟೇನೂ ಗೌರವದ್ದಲ್ಲ: ಅದಿರು ತೆಗೆದಾದ ಮೇಲೆ ಉಳಿಯುವ ಕೆಸರನ್ನು ಎಲ್ಲಿ ಇಡುವುದು? ಮೂರು ಕಣಿವೆ ತೋರಿಸಿದ್ದರು. ಒಂದನ್ನು ಆರಿಸಿ ಕೊಡಬೇಕು. ನಾನು ಕೊಪ್ಪದ ಕಡೆಯವನು, ಮಲೆನಾಡು ಗೊತ್ತಿರುವವನು ಅಂತ ನನ್ನನ್ನೇ ಕಳಿಸಿದರು. ಗೊತ್ತಿದೆ ಅಂತ ನಾನೂ ಅಂದುಕೊಂಡಿದ್ದೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಯವರಿಗೆ ಈ ಕೆಸರು ಹಿಡಿದಿಡುವ ಟೇಲಿಂಗ್ಸ್ ಡ್ಯಾಮ್ ಅಂದರೆ ಏನು ಅಂತ ಬಿಡಿಸಿ ಹೇಳುವುದು ಬೇಕಾಗಿಲ್ಲ. ಕಳಸದಿಂದ ಕುದುರೆಮುಖಕ್ಕೆ ಹೋದವರೆಲ್ಲ ಲಖ್ಯಾ ನೋಡಿದವರೇ. ಭದ್ರೆಗೆ ಸೇರುವ ಲಖ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಕಟ್ಟೆ. ಅದರ ಹಿಂದೆ ಇರುವುದರಲ್ಲಿ ನೀರಿಗಿಂತ ಹೆಚ್ಚು ಹೂಳು. ಅಲ್ಲಿಯ ಅದಿರಿನಲ್ಲಿ ಕಬ್ಬಿಣ 38 ಪರ್ಸೆಂಟ್ ಆಸುಪಾಸು. ಹಿಟ್ಟಿನ ಹಾಗೆ ಅರೆದು, ಕಬ್ಬಿಣದ ಅಂಶ ಬೇರ್ಪಡಿಸಿ, ಅದನ್ನು ನೀರಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಬಿಡುತ್ತಿದ್ದರು. ಹೀಗೆ ಮಾಡಿದಾಗ ಅಗೆದ ಅದಿರಿನ ಅರ್ಧಕ್ಕೂ ಹೆಚ್ಚು ಭಾಗ ಹಿಂದೆ ಉಳಿಯುತ್ತದೆ, ಅದೂ ಮೈದಾದಷ್ಟು ನುಣ್ಣಗಿನ ಪುಡಿಯಾಗಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಕಟ್ಟೆ ಮಾತ್ರ ಅಲ್ಲೇ ಇದೆ, ಇರಲೇಬೇಕು. ನೀರಿನ ಅಣೆಕಟ್ಟಾದರೆ ಬೇಡ ಅಂದಾಗ ಖಾಲಿ ಮಾಡಿ ಒಡೆಯಬಹುದು. ಕೆಸರಿನ ಕಟ್ಟೆಗೆ ಆ ಸೌಕರ್ಯ ಇಲ್ಲ. ಗಣಿ ಇಪ್ಪತ್ತು ಮೂವತ್ತು ವರ್ಷದ್ದು, ಕಟ್ಟೆ ಶಾಶ್ವತದ್ದು. ಜಾಗ ನೋಡುವವನು ಆ ಲೆಕ್ಕದಲ್ಲೇ ನೋಡಬೇಕು. ಇದನ್ನು ಕಾಲೇಜಿನಲ್ಲಿ ಓದಿದ್ದೆ. ಓದಿದ್ದು ಕಾಲಿಗೆ ಇಳಿಯಲು ಇನ್ನೂ ಸಮಯ ಬೇಕಿತ್ತು.

ಫೆಬ್ರವರಿಯಲ್ಲಿ ಹೋದೆವು. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು, ರಸ್ತೆ ಒಣಗಿತ್ತು, ಜೀಪು ಎಲ್ಲಿಗೆ ಬೇಕಾದರೂ ಹತ್ತುತ್ತಿತ್ತು, ಇಂಬಳದ ಕಾಟ ಇಲ್ಲ. ಮಲೆನಾಡಿನಲ್ಲಿ ಸರ್ವೆ ಮಾಡುವವರೆಲ್ಲ ಹೋಗುವುದು ಆಗಲೇ. ನಮ್ಮ ಕಸುಬಿನ ದೊಡ್ಡ ದೋಷ ಇಲ್ಲೇ ಇದೆ ಅಂತ ಈಗ ಅನಿಸುತ್ತದೆ. ಬಿಸಿಲಲ್ಲಿ ಗುಡ್ಡವನ್ನು ನೋಡಿ ಮಳೆಗಾಲದ ಬಗ್ಗೆ ವರದಿ ಬರೆಯುತ್ತೇವೆ.

ಹೋಗುವ ಮೊದಲು ಮೇಜಿನ ಕೆಲಸ ಒಂದಷ್ಟಿತ್ತು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹರಡಿಕೊಂಡು ಮೂರೂ ಕಣಿವೆಯ ಜಲಾನಯನ ಗುರುತು ಮಾಡಿದೆ. 20 ಮೀಟರಿಗೊಂದು ಸಮೋನ್ನತಿ ರೇಖೆ. ಯಾವ ಎತ್ತರಕ್ಕೆ ಕಟ್ಟೆ ಕಟ್ಟಿದರೆ ಹಿಂದೆ ಎಷ್ಟು ಘನ ಮೀಟರ್ ಹಿಡಿಯುತ್ತದೆ, ಕಟ್ಟೆಗೆ ಎಷ್ಟು ಮಣ್ಣು ಬೇಕು ಅಂತ ನಕ್ಷೆಯ ಮೇಲೆ ವಿಸ್ತೀರ್ಣ ಅಳೆಯುವ ಪ್ಲಾನಿಮೀಟರ್ ಹಿಡಿದು ಲೆಕ್ಕ ಹಾಕಿದೆ. ಈ ಎರಡರ ಅನುಪಾತದಲ್ಲಿ ಎರಡನೇ ಕಣಿವೆ ಉಳಿದ ಎರಡನ್ನೂ ಮೀರಿಸಿತು. ಬಾಯಿ ಕಿರಿದು, ಹೊಟ್ಟೆ ಅಗಲ, ನೀರು ತುಂಬಿಸುವ ಹೂಜಿಯ ಹಾಗೆ. ಕತ್ತಿನಲ್ಲಿ ಒಂದು ಬಿರಡೆ ಹಾಕಿದರೆ ಆಯಿತು. ಮ್ಯಾನೇಜರ್‌ಗೆ ನಕ್ಷೆ ತೋರಿಸಿದಾಗ ಅವರ ಮುಖ ಅರಳಿದ್ದು ನೆನಪಿದೆ. ಅಲ್ಲಿಂದ ಮುಂದೆ ನಾವು ಎರಡನೇ ಕಣಿವೆಯನ್ನು ಪರೀಕ್ಷೆ ಮಾಡುವ ಬದಲು ಅದಕ್ಕೆ ಸಾಕ್ಷಿ ಹುಡುಕತೊಡಗಿದೆವು. ಒಂದನೇ ಮತ್ತು ಮೂರನೇ ಕಣಿವೆಗೆ ತಲಾ ಎರಡು ಬೋರ್‌ಹೋಲ್, ಎರಡನೆಯದಕ್ಕೆ ಐದು. ಹೆಚ್ಚು ಕೊರೆದರೆ ಹೆಚ್ಚು ಗೊತ್ತಾಗುತ್ತದೆ ಅಂತ ಹೊರಗಿನವರಿಗೆ ಅನಿಸಬಹುದು. ಮನಸ್ಸು ಮೊದಲೇ ಒಪ್ಪಿದ್ದರೆ ಐವತ್ತು ಕೊರೆದರೂ ಗೊತ್ತಾಗುವುದಿಲ್ಲ.

ಕಣಿವೆ ನಡೆದು ನೋಡುವುದಕ್ಕೆ ನನ್ನದೊಂದು ಕ್ರಮ ಇದೆ. ಕೆಳಗಿನಿಂದ ಮೇಲಕ್ಕೆ, ಹಳ್ಳದ ಹಾಸಿನಲ್ಲೇ ನಡೆಯುವುದು. ಹಳ್ಳ ಬಂಡೆಯನ್ನು ಕೊರೆದು ತೋರಿಸಿರುತ್ತದೆ, ದುಡ್ಡಿಲ್ಲದ ಬೋರ್‌ಹೋಲ್ ಅದು. ಆಮೇಲೆ ಎರಡೂ ದಂಡೆಯ ದರೆ. ಮರಗಳ ಬುಡ ಕೆಳಗಡೆಗೆ ಬಾಗಿ ಮೇಲೆ ನೆಟ್ಟಗಾಗಿದ್ದರೆ ಮಣ್ಣು ನಿಧಾನಕ್ಕೆ ಜಾರುತ್ತಿದೆ ಅಂತ ಲೆಕ್ಕ. ಒಣ ಇಳಿಜಾರಿನ ಮಧ್ಯೆ ಒಂದೇ ಗೆರೆಯಲ್ಲಿ ಕೇದಿಗೆ, ಜರಿಗಿಡ ಬೆಳೆದಿದ್ದರೆ ಅಲ್ಲಿ ನೆಲದಡಿಗೆ ನೀರಿದೆ. ಎರಡನೇ ಕಣಿವೆಯ ಬಲದಂಡೆಯಲ್ಲಿ ಅಂಥ ಗೆರೆ ಇತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ: ‘ಬ.ದಂ., ಜರಿಗಿಡ, ಒಣ’. ಒಣ ಅನ್ನುವ ಪದದ ಕೆಳಗೆ ಗೆರೆ ಎಳೆದಿದ್ದೆ, ಸಮಾಧಾನದಿಂದ.

ಕೊರೆಯುವ ಕೆಲಸದ ಬಗ್ಗೆ ಸ್ವಲ್ಪ ವಿವರ ಹೇಳಬೇಕು, ತಪ್ಪು ಆದದ್ದು ಅಲ್ಲೇ. ಡ್ರಿಲ್ಲರ್‌ಗಳಿಗೆ ಕೂಲಿ ಮೀಟರ್ ಲೆಕ್ಕದಲ್ಲಿ. ಬೇಗ ಇಳಿದಷ್ಟೂ ಲಾಭ. ಬಂಡೆ ಗಟ್ಟಿ ಇದ್ದಲ್ಲಿ ಬಿಟ್ ನಿಧಾನಕ್ಕೆ ಹೋಗುತ್ತದೆ, ಕೋರ್ ಚೆನ್ನಾಗಿ ಬರುತ್ತದೆ. ಮೆತ್ತಗಿನ ಪದರ ಸಿಕ್ಕಿದರೆ ರಾಡ್ ಸರ್ರನೆ ಇಳಿಯುತ್ತದೆ, ಪಂಪಿನ ನೀರು ಅದನ್ನು ಕರಗಿಸಿಕೊಂಡು ಹೋಗುತ್ತದೆ. ಹೀಗಾಗಿ ಕಟ್ಟೆಗೆ ಬೇಡವಾದದ್ದು ಯಾವುದೋ ಅದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಅಂಥ ಕಡೆ ಕೋರ್ ಹಿಡಿಯುವ ಮೂರು ಪದರದ ಬ್ಯಾರಲ್ ಹಾಕಿ, ನೀರು ಕಡಿಮೆ ಮಾಡಿ, ಅರ್ಧರ್ಧ ಮೀಟರ್ ಇಳಿಸಬೇಕು. ಆ ಬ್ಯಾರಲ್ ನಮ್ಮ ಬಳಿ ಇರಲಿಲ್ಲ. ಇನ್ನೊಂದು ಎಸ್‌ಪಿಟಿ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊನೆಯ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುವ ಪರೀಕ್ಷೆ. ಒಂದೂವರೆ ಮೀಟರಿಗೊಂದು ಮಾಡಬೇಕಾದದ್ದನ್ನು ಖರ್ಚು ಉಳಿಸಲು 3 ಮೀಟರಿಗೊಂದು ಮಾಡಿದೆವು. 6 ಮೀಟರಿನಲ್ಲಿ 48 ಪೆಟ್ಟು, 9 ಮೀಟರಿನಲ್ಲಿ ಐವತ್ತು ಪೆಟ್ಟಿಗೂ ಪೂರ್ತಿ ಇಳಿಯಲಿಲ್ಲ. ಕಾಗದದ ಮೇಲೆ ನೋಡಿದರೆ ತಳಪಾಯ ಉಕ್ಕು. ಮಧ್ಯದ ಮೂರು ಮೀಟರನ್ನು ಯಾರೂ ಕೇಳಲಿಲ್ಲ.

ಬೋರ್‌ಹೋಲ್ ಮೂರರಲ್ಲಿ ನೀರಿನ ಮಟ್ಟ ನೋಡಲು ಪ್ಲಾಸ್ಟಿಕ್ ಪೈಪು ಇಳಿಸಿ, ಕೆಳತುದಿಯನ್ನು 14 ಮೀಟರ್ ಆಳದ ಶಿಥಿಲ ಬಂಡೆಯಲ್ಲಿ ಕೂರಿಸಿ, ಸುತ್ತ ಮೇಲಕ್ಕೆ ನೀರು ಬಿಡದ ಬೆಂಟೊನೈಟ್ ಜೇಡಿ ತುಂಬಿ, ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿದೆವು. ಮಾರ್ಚ್‌ನಲ್ಲಿ ಅಳೆದಾಗ ನೀರು 11 ಮೀಟರ್ ಕೆಳಗಿತ್ತು. ಪ್ರಾಥಮಿಕ ವರದಿಯಲ್ಲಿ ‘ಅಂತರ್ಜಲ ಆಳದಲ್ಲಿದೆ, ತಳಪಾಯ ತೃಪ್ತಿಕರ’ ಅಂತ ಬರೆದೆ.

ಮಳೆ ಲೆಕ್ಕಕ್ಕೆ ಕಂಪನಿಯವರು ಕೊಟ್ಟಿದ್ದು ಚಿಕ್ಕಮಗಳೂರು ಪೇಟೆಯ ಅಂಕಿ. ಇದು ಸರಿಯಲ್ಲ ಅನ್ನುವಷ್ಟು ಬುದ್ಧಿ ನನಗಿತ್ತು, ಅದೊಂದು ಪುಣ್ಯ. ನಮ್ಮ ಜಿಲ್ಲೆಯಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ. ಕಡೂರಿನವರು ಮೋಡ ನೋಡುತ್ತಾ ಕೂತಿರುವಾಗ ಕುದುರೆಮುಖದಲ್ಲಿ ಕೊಡೆ ಒಣಗಿಸಲು ಜಾಗ ಇರುವುದಿಲ್ಲ. ಕಣಿವೆಯ ಕೆಳಗಿನ ಕಾಫಿ ತೋಟದ ರೈಟರ್ ಹತ್ತಿರ ಮಳೆ ಪುಸ್ತಕ ಇರುತ್ತದೆ ಅಂತ ಗೊತ್ತಿತ್ತು, ಹೋಗಿ ಕೇಳಿದೆ. ಮಲೆನಾಡಿನ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವ ಪದ್ಧತಿ ಇದೆ. ಹೂಮಳೆ ಎಷ್ಟು ಬಂತು ಅನ್ನುವುದರ ಮೇಲೆ ಆ ವರ್ಷದ ಬೆಳೆಯ ಹಣೆಬರಹ ನಿಂತಿರುವುದರಿಂದ ಯಾರೂ ಉದಾಸೀನ ಮಾಡುವುದಿಲ್ಲ. ರೈಟರ್ ನಾಲ್ಕು ಪುಸ್ತಕ ತಂದಿಟ್ಟರು. ಬೂಷ್ಟು ಹಿಡಿದ ರಟ್ಟು, ಬದಲಾಗುತ್ತಾ ಬಂದ ಕೈಬರಹ. ವರ್ಷದ ಮಳೆ 90 ಇಂಚಿಗಿಂತ ಕೆಳಗೆ ಇಳಿದದ್ದು ಕಡಿಮೆ, ಪೇಟೆಯ ಅಂಕಿಗೆ ಎರಡು ಮೂರು ಪಟ್ಟು. ಒಂದು ಜುಲೈ ತಿಂಗಳ ಪುಟದಲ್ಲಿ ಒಂದೇ ದಿನಕ್ಕೆ ‘11 ಇಂಚು 60 ಸೆಂಟ್ಸ್’ ಅಂತ ಇತ್ತು, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ‘ಎರಡು ಸಲ ಚೆಲ್ಲಿದ್ದು’. ಮಾಪಕ ತುಂಬಿ ಎರಡು ಸಲ ಚೆಲ್ಲಿ ಅಳೆದಿದ್ದಾರೆ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 1,000 ಘನ ಮೀಟರ್ ನೀರು. 11.60 ಇಂಚು ಅಂದರೆ 295 ಮಿಲಿಮೀಟರ್ ಹತ್ತಿರ. ಎರಡನೇ ಕಣಿವೆಯ ಜಲಾನಯನ 1.8 ಚದರ ಕಿಲೋಮೀಟರ್. ಒಂದು ದಿನಕ್ಕೆ 5.3 ಲಕ್ಷ ಘನ ಮೀಟರ್, ಲೀಟರಿನಲ್ಲಿ ಹೇಳಿದರೆ 53 ಕೋಟಿ. ಜುಲೈಯಲ್ಲಿ ನೆಲ ಮೊದಲೇ ನೆನೆದು ಮುದ್ದೆಯಾಗಿರುತ್ತದೆ, ಹೆಚ್ಚುಕಡಿಮೆ ಪೂರ್ತಿ ಹರಿದು ಬರುತ್ತದೆ. ಇದು ಬರೀ ಪುಸ್ತಕದಲ್ಲಿ ಸಿಕ್ಕ ದಿನ. ಕಟ್ಟೆಯ ವಿನ್ಯಾಸಕ್ಕೆ ಇದಕ್ಕಿಂತ ತುಂಬ ದೊಡ್ಡ ಪ್ರವಾಹ ಹಿಡಿಯಬೇಕು. ಮಣ್ಣಿನ ಕಟ್ಟೆಯ ನೆತ್ತಿಯ ಮೇಲೆ ನೀರು ಹತ್ತಿದರೆ ಕೊಚ್ಚಿಕೊಂಡು ಹೋಗಲು ಗಂಟೆಗಳು ಸಾಕು. ಹಾಗಾದರೆ ಮೇಲಿನ ನೀರನ್ನು ಕಟ್ಟೆಗೆ ಬರದ ಹಾಗೆ ಬದಿಗಾಲುವೆ ತೋಡಿ ತಿರುಗಿಸಿ ಅನ್ನುತ್ತಾರೆ. ಕಾಗದದ ಮೇಲೆ ಸುಲಭ. ನಿಂತರೆ ಕಾಲು ಜಾರುವ ದರೆಯಲ್ಲಿ, ಸಡಿಲ ಮಣ್ಣಿನ ಮೇಲೆ, ಅಷ್ಟು ನೀರಿಗೆ ಕಾಲುವೆ ತೋಡಿದರೆ ಮೊದಲ ಮಳೆಗೆ ಕಾಲುವೆಯೇ ಕೆಳಗೆ ಬರುತ್ತದೆ, ದರೆಯನ್ನೂ ಕರೆದುಕೊಂಡು.

ಇದನ್ನು ಹೇಳಿದಾಗ ಮ್ಯಾನೇಜರ್ ‘ಸ್ಪಿಲ್‌ವೇ ದೊಡ್ಡದು ಮಾಡಿದರಾಯ್ತು’ ಅಂದರು. ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ ಅದು. ಮಳೆ ಅವರಿಗೆ ಕಾಂಕ್ರೀಟಿನ ಲೆಕ್ಕ.

ಜುಲೈಯಲ್ಲಿ ನಾನು ಮತ್ತೆ ಹೋಗಿದ್ದು ಒಬ್ಬ ಅಜ್ಜನ ಮಾತಿಗೆ. ಮಾರ್ಚ್‌ನಲ್ಲಿ ಯಂತ್ರ ಇಳಿಸುತ್ತಿದ್ದಾಗ ದನ ಹೊಡೆದುಕೊಂಡು ಬಂದವರು ಸುಮಾರು ಹೊತ್ತು ನಿಂತು ನೋಡಿದರು. ಆಮೇಲೆ ಕೇಳಿದರು, “ಸಾರ್, ಈಗ ಎಂತ ನೋಡ್ತೀರಿ ಇಲ್ಲಿ?”

“ನೆಲದಡಿ ನೀರು ಎಲ್ಲಿದೆ ಅಂತ ನೋಡ್ತಿದೀವಿ ಅಜ್ಜ.”

“ಈಗ ಎಲ್ಲಿರ್ತದೆ ಮಾರಾಯ್ರೆ! ಆರಿದ್ರೆ ಕಳೆದು ಪುನರ್ವಸು ಹಿಡೀಲಿ, ಆಗ ಬನ್ನಿ. ಈ ದರೆಯಲ್ಲಿ ಜಲ ಏಳ್ತದೆ. ನನ್ನ ಎಮ್ಮೆ ಒಂದು ಹೊಟ್ಟೆವರೆಗೆ ಹುಗಿದು ಹೋಗಿತ್ತು, ಇಲ್ಲೇ, ನಿಮ್ಮ ಮಿಷನ್ ನಿಂತ ಜಾಗದಲ್ಲೇ.”

ನಾವೆಲ್ಲ ನಕ್ಕೆವು. ಆ ನೆಲದ ಮೇಲೆ ಯಂತ್ರ ಅಲುಗದೆ ನಿಂತಿತ್ತು. ಆದರೆ ವರದಿ ಕಳಿಸಿದ ಮೇಲೆ ರಾತ್ರಿ ಮಲಗಿದಾಗ ಆ ಎಮ್ಮೆ ಬಂದು ನಿಲ್ಲುತ್ತಿತ್ತು. ಜುಲೈ ಎರಡನೇ ವಾರ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಬಸ್ಸಿನಲ್ಲಿ ಹೋದೆ. ಕಂಪನಿ ಜೀಪು ಕೊಡಲಿಲ್ಲ, ‘ಮಳೆಗಾಲದಲ್ಲಿ ಸೈಟ್ ಬಂದ್’ ಅಂದರು.

ತೋಟದಿಂದ ಮೇಲಕ್ಕೆ ಒಂದು ಮೈಲಿ ನಡೆಯಲು ಒಂದೂವರೆ ಗಂಟೆ ಹಿಡಿಯಿತು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೂ ಇಂಬಳ ಬಿಡಲಿಲ್ಲ. ಬಲದಂಡೆಯ ಜರಿಗಿಡದ ಗೆರೆ ಉದ್ದಕ್ಕೂ ಹತ್ತು ಹನ್ನೆರಡು ಕಡೆ ನೀರು ದರೆಯಿಂದ ಚಿಮ್ಮುತ್ತಿತ್ತು. ಕೆಲವು ಕಡೆ ತಿಳಿ, ಎರಡು ಕಡೆ ಹಾಲು ಬೆರೆಸಿದ ಹಾಗೆ ಬಿಳಿ. ಆ ಬಿಳಿಯನ್ನು ನೋಡಿ ನಿಂತುಬಿಟ್ಟೆ. ತಿಳಿ ನೀರು ಬರೀ ನೀರು. ಬಣ್ಣದ ನೀರು ಒಳಗಿನಿಂದ ಮಣ್ಣನ್ನು ಹೊತ್ತು ತರುತ್ತಿದೆ.

ಬೋರ್‌ಹೋಲ್ ಮೂರರ ಹತ್ತಿರ ಹೋದಾಗ ಮುಚ್ಚಳದ ಸಂದಿಯಿಂದ ನೀರು ಸುತ್ತಲೂ ಬುಗ್ಗೆಯಾಗಿ ಹೊರಬರುತ್ತಿತ್ತು. ಮುಚ್ಚಳ ತಿರುಗಿಸಿದೆ. ನೀರು ಮೊಳಕಾಲೆತ್ತರಕ್ಕೆ ಎದ್ದಿತು. ಚೀಲದಲ್ಲಿ ಒಂದು ಪಾರದರ್ಶಕ ಹೋಸ್ ಇತ್ತು, ಪೈಪಿನ ಬಾಯಿಗೆ ಸಿಕ್ಕಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಹೋಸನ್ನು ಮೇಲಕ್ಕೆ ಎತ್ತುತ್ತಾ ಹೋದೆ. ಎದೆಮಟ್ಟಕ್ಕೆ ಬಂದಾಗ ನೀರು ಹೊರಗೆ ಸುರಿಯುವುದು ನಿಂತು ಹೋಸಿನೊಳಗೆ ತೂಗಾಡಿತು. ಟೇಪ್ ಹಿಡಿದೆ: ನೆಲದಿಂದ 1.3 ಮೀಟರ್ ಮೇಲೆ. ಮಾರ್ಚ್‌ನಲ್ಲಿ 11 ಮೀಟರ್ ಕೆಳಗಿದ್ದ ನೀರು ನಾಲ್ಕು ತಿಂಗಳಲ್ಲಿ 12.3 ಮೀಟರ್ ಏರಿತ್ತು. ಕೊಡೆ ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ, ನೋಟ್‌ಬುಕ್ ಪುಟ ಒದ್ದೆಯಾಗಿ ಅಂಕಿ ಹರಡಿತು. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಇದರ ಅರ್ಥ ಹೀಗೆ. ಎದೆಮಟ್ಟದ ನೀರಿರುವ ಹೊಳೆ ದಾಟಿದವರಿಗೆ ಗೊತ್ತು, ಕಾಲು ನೆಲ ಕಚ್ಚುವುದಿಲ್ಲ. ಮೈ ಅಷ್ಟೇ ತೂಕದ್ದು, ಆದರೆ ನೀರು ಎತ್ತಿ ಹಿಡಿಯುವುದರಿಂದ ಪಾದ ಜಾರುತ್ತದೆ. ಕಟ್ಟೆಯ ಬುಡಕ್ಕೂ ಅದೇ ಕತೆ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ನೆಲಕ್ಕೆ ಬಲ. ಅಡಿಯಿಂದ ನೀರಿನ ಒತ್ತಡ ಏರಿದಷ್ಟೂ ಆ ಹಿಡಿತ ಸಡಿಲ. ಕಟ್ಟೆ ಎತ್ತರ ಮಾಡಿದಂತೆಲ್ಲ ಮೇಲಿನಿಂದ ಭಾರ ಹೆಚ್ಚುತ್ತದೆ, ಅಡಿಯಿಂದ ಪುನರ್ವಸು ಮಳೆ ಎತ್ತುತ್ತದೆ.

ಆದರೆ ನೀರು ಅಷ್ಟು ಒತ್ತಡದಲ್ಲಿ ಇರಬೇಕಾದರೆ ಮೇಲೆ ಏನೋ ಮುಚ್ಚಳ ಇರಬೇಕಲ್ಲ? ಮುರಕಲ್ಲಿಗೆ ಆ ಶಕ್ತಿ ಇಲ್ಲ, ಅದು ತೂತಿನ ಪದಾರ್ಥ. ಇದಕ್ಕೆ ಉತ್ತರ ಸಿಕ್ಕಿದ್ದು ಅದೇ ಸಂಜೆ, ತೋಟದ ಲೈನ್ ಮನೆಯಲ್ಲಿ. ನೆನೆದು ತೊಪ್ಪೆಯಾಗಿದ್ದ ನನಗೆ ಒಬ್ಬರು ಅಕ್ಕ ಬೆಲ್ಲದ ಕಾಫಿ ಕೊಟ್ಟರು. ಒಲೆಯ ಹತ್ತಿರ ಕೂತಿದ್ದಾಗ ಬಿಳಿ ನೀರಿನ ಮಾತು ತೆಗೆದೆ.

“ಅದಾ? ಶೇಡಿ ಅಲ್ವಾ ಅದು,” ಅಂದರು. “ದೀಪಾವಳಿಗೆ ಗೋಡೆಗೆ ಬಳಿಯೋಕೆ ಅಲ್ಲಿಂದಲೇ ತರೋದು. ಹಳ್ಳದ ತಿರುವಲ್ಲಿ ದರೆ ಉಂಟಲ್ಲ, ಮುರಕಲ್ಲಿನ ಅಡಿಗೆ. ಕೈ ಹಾಕಿದ್ರೆ ಬೆಣ್ಣೆ ಹಾಗೆ ಬರ್ತದೆ.”

ಗೋಡೆ ನೋಡಿದೆ. ಬುಡದಲ್ಲಿ ಕೆಮ್ಮಣ್ಣು, ಮೇಲೆ ಅರ್ಧದವರೆಗೆ ತುಸು ಗುಲಾಬಿ ಛಾಯೆಯ ಬಿಳಿ. ನನ್ನ ಮರದ ತುಂಡಿನ ಜಾಗದಲ್ಲಿ ಇರಬೇಕಾಗಿದ್ದ 1.2 ಮೀಟರ್ ಆ ಗೋಡೆಯ ಮೇಲಿತ್ತು.

ಶೇಡಿ ಮಣ್ಣು ಕರಾವಳಿ, ಮಲೆನಾಡಿನಲ್ಲಿ ಮುರಕಲ್ಲಿನ ಕೆಳಗೆ ಸಿಗುವ ಪದರ. ಮೇಲಿನದು ಗಟ್ಟಿಯಾಗಿ ಇಟ್ಟಿಗೆಯಾಗುತ್ತದೆ, ಕೆಳಗಿನದು ಬಿಳಿ, ಹಳದಿ, ಗುಲಾಬಿ ಬಣ್ಣದ ನುಣುಪು ಮಣ್ಣಾಗಿ ಉಳಿಯುತ್ತದೆ. ಒಣಗಿದಾಗ ಗುದ್ದಲಿಗೂ ಜಗ್ಗದು, ನೆನೆದರೆ ಕೈಬಿಡುತ್ತದೆ. ಮಂಗಳೂರಿನ ಕಡೆ ರಸ್ತೆ ಅಗಲ ಮಾಡಲು ಗುಡ್ಡ ಕಡಿದವರೆಲ್ಲ ಇದರ ಕೈಯಲ್ಲಿ ಪಾಠ ಕಲಿತಿದ್ದಾರೆ. ಪುಸ್ತಕದಲ್ಲಿ ಇದಕ್ಕೆ ಲಿಥೋಮಾರ್ಜ್ ಅಂತ ಹೆಸರು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಗುಡ್ಡದ ನೆತ್ತಿಯಲ್ಲಿ ಬಿದ್ದ ಮಳೆ ಪಟ್ಟೆಪಟ್ಟೆ ಕಬ್ಬಿಣದ ಬಂಡೆಯ ಬಿರುಕುಗಳಲ್ಲಿ ಇಳಿದು, ಶಿಥಿಲ ಬಂಡೆಯಲ್ಲಿ ಹರಿದು ಬಂದು, ಮೇಲೆ ಶೇಡಿಯ ಮುಚ್ಚಳ ಇದ್ದದ್ದರಿಂದ ಒತ್ತಡದಲ್ಲಿ ಕೂತಿತ್ತು. ಮುಚ್ಚಳ ಹರಿದಲ್ಲಿ ಜಲ ಏಳುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ಐದೂ ಬೋರ್‌ಹೋಲ್‌ನ ಪೆಟ್ಟಿಗೆಗಳನ್ನು ಗೋಡೌನಿನ ನೆಲದ ಮೇಲೆ ಸಾಲಾಗಿ ಜೋಡಿಸಿದೆ. ಐದರಲ್ಲಿ ಮೂರು ಕಡೆ ಮರದ ತುಂಡು ಇತ್ತು. ಒಂದರಲ್ಲಿ 6.10ರಿಂದ, ಒಂದರಲ್ಲಿ 7.30ರಿಂದ, ಇನ್ನೊಂದರಲ್ಲಿ 8.90ರಿಂದ. ಬೋರ್‌ಹೋಲ್‌ಗಳ ನೆಲಮಟ್ಟ ಹಾಕಿ ಗೀಚಿದರೆ ಮೂರೂ ಒಂದೇ ಗೆರೆಯ ಮೇಲೆ ಬಂದವು, ಕಣಿವೆಯ ಕೆಳಗಡೆಗೆ ಇಳಿಜಾರಾಗಿ. ಮೂರು ಕಡೆ ಡ್ರಿಲ್ಲರ್ ಒಂದೇ ಪದರವನ್ನು ಕಳೆದುಕೊಂಡಿದ್ದ. ಬೇರೆ ಬೇರೆ ದಿನ ನೋಡಿದ್ದರಿಂದ ನನಗೆ ಅದು ಮೂರು ಸಣ್ಣ ನಷ್ಟ. ಒಟ್ಟಿಗೆ ಇಟ್ಟು ನೋಡಿದ್ದರೆ ಮಾರ್ಚ್‌ನಲ್ಲೇ ಗೊತ್ತಾಗುತ್ತಿತ್ತು.

ಡಿಸೆಂಬರಿನಲ್ಲಿ ಬಾವಿ ತೋಡುವವರನ್ನು ಕರೆಸಿ ಬೋರ್‌ಹೋಲ್ ಮೂರರ ಪಕ್ಕದಲ್ಲಿ ಗುಂಡಿ ತೋಡಿಸಿದೆ. ಆಗ ನೀರು ಇಳಿದಿತ್ತು. ಏಳು ಮೀಟರ್ ಚಿಲ್ಲರೆಗೆ ಮುರಕಲ್ಲು ಮುಗಿದು ಬಿಳಿ ಬಂತು. ನಾನೇ ಇಳಿದೆ. ಒಂದು ಹಿಡಿ ತೆಗೆದು, ಸ್ವಲ್ಪ ನೀರು ಹಾಕಿ ಕಲಸಿ, ಅಂಗೈ ಮೇಲೆ ಚಪ್ಪಟೆ ಮಾಡಿ, ಇನ್ನೊಂದು ಕೈಯಿಂದ ಪಕ್ಕಕ್ಕೆ ತಟ್ಟಿದೆ. ನಾಲ್ಕೈದು ತಟ್ಟಿಗೆ ಮೇಲ್ಮೈ ಬೆವರಿ ಕನ್ನಡಿಯ ಹಾಗೆ ಹೊಳೆಯಿತು. ಬೆರಳಲ್ಲಿ ಹಿಂಡಿದೆ, ಹೊಳಪು ಮಾಯವಾಗಿ ಮಂಕಾಯಿತು. ಹೀಗಾದರೆ ಅದು ಅಂಟು ಜೇಡಿಯಲ್ಲ, ನುಣ್ಣನೆಯ ಹೂಳುಮಣ್ಣಿನ ಗುಣ ಹೆಚ್ಚು, ಅಲುಗಾಟಕ್ಕೆ ನೀರು ಬಿಟ್ಟುಕೊಂಡು ಮೆತ್ತಗಾಗುವ ಜಾತಿ. ಕಾಸು ಖರ್ಚಿಲ್ಲದ ಪರೀಕ್ಷೆ. ಲ್ಯಾಬಿಗೆ ಕಳಿಸಿದ ಮಾದರಿ ಪೂರ್ತಿ ನೆನೆದ ಮೇಲೆ ಒಣಗಿದಾಗಿನ ಬಲದ ಅರ್ಧವನ್ನೂ ತೋರಿಸಲಿಲ್ಲ. ಅಂಗೈ ಮೊದಲೇ ಹೇಳಿತ್ತು.

ಆಮೇಲಿನದು ಮೀಟಿಂಗಿನ ಕತೆ, ಬೇಗ ಮುಗಿಸುತ್ತೇನೆ. ಗ್ರೌಟಿಂಗ್ ಮಾಡೋಣ, ಅಂದರೆ ನೆಲದೊಳಗೆ ಸಿಮೆಂಟ್ ಹಾಲು ಒತ್ತಿ ತುಂಬೋಣ ಅಂದರು. ಸಿಮೆಂಟ್ ಹಾಲು ಬಿರುಕಿನ ಬಂಡೆಗೆ ಹೋಗುತ್ತದೆ, ಶೇಡಿಯೊಳಗೆ ಹೋಗುವುದಿಲ್ಲ. ಪದರವನ್ನು ಪೂರ್ತಿ ಅಗೆದು ತೆಗೆಯೋಣ ಅಂದರು. ಎಂಟು ಹತ್ತು ಮೀಟರ್ ಆಳಕ್ಕೆ, ದಂಡೆಯಿಂದ ದಂಡೆಗೆ ತೆಗೆದರೆ ಮೇಲಿನ ದರೆಗೆ ಆಸರೆ ಏನು? ಕಡೆಗೆ ಒಬ್ಬರು ನನ್ನನ್ನು ಬದಿಗೆ ಕರೆದು, ವರದಿಯಲ್ಲಿ ‘ಒತ್ತಡದ ಅಂತರ್ಜಲ’ ಅನ್ನುವ ಜಾಗದಲ್ಲಿ ‘ಋತುಮಾನದ ತೇವಾಂಶ’ ಅಂತ ಹಾಕಲು ಆಗುತ್ತದೆಯೇ ಅಂತ ಕೇಳಿದರು. ಬಲು ಸೌಮ್ಯವಾಗಿಯೇ ಕೇಳಿದರು. ನಾನು ಹೋಸಿನ ಅಳತೆಯನ್ನು ವರದಿಯ ಮೊದಲ ಪುಟಕ್ಕೆ ತಂದು ಹಾಕಿದೆ, ನನ್ನ ಮಾರ್ಚ್ ತಿಂಗಳ ಅಭಿಪ್ರಾಯ ತಪ್ಪು ಅಂತಲೂ ಬರೆದೆ. ನಮ್ಮ ಸಂಸ್ಥೆಗೆ ಆ ಕಂಪನಿಯಿಂದ ಮತ್ತೆ ಕೆಲಸ ಬರಲಿಲ್ಲ.

ಆ ಹೊತ್ತಿನಲ್ಲಿ ನಾನು ಹೆಚ್ಚು ಓದಿದವನಲ್ಲ. ಆಮೇಲೆ ಓದುತ್ತಾ ಹೋದಾಗ ಇದು ನನ್ನೊಬ್ಬನ ಪ್ರಮಾದವಲ್ಲ ಅಂತ ತಿಳಿಯಿತು, ಸಮಾಧಾನವಾಗಲಿಲ್ಲ. ವೇಲ್ಸ್‌ನ ಅಬರ್‌ಫಾನ್ ಎಂಬ ಊರಿನ ಮೇಲಿನ ಗುಡ್ಡದಲ್ಲಿ ಕಲ್ಲಿದ್ದಲು ಗಣಿಯ ಕಸವನ್ನು ಒರತೆಯ ಮೇಲೆಯೇ ರಾಶಿ ಹಾಕಿದ್ದರು. ಆ ಒರತೆ ನಕ್ಷೆಯಲ್ಲೂ ಇತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ ರಾಶಿ ಜಾರಿ ಶಾಲೆಯ ಮೇಲೆ ಬಂತು. ಸತ್ತವರು 144 ಮಂದಿ, ಅದರಲ್ಲಿ 116 ಮಕ್ಕಳು. ಕೆನಡಾದ ಮೌಂಟ್ ಪಾಲಿಯಲ್ಲಿ 2014ರ ಆಗಸ್ಟ್ 4ರಂದು ಟೇಲಿಂಗ್ಸ್ ಕಟ್ಟೆ ಒಡೆಯಿತು. ತನಿಖೆಯಲ್ಲಿ ಸಿಕ್ಕಿದ್ದು ಅಡಿಪಾಯದಲ್ಲಿದ್ದ, ಹಿಮಯುಗದ ಸರೋವರದಲ್ಲಿ ಕೂತ ಒಂದು ಜೇಡಿ ಪದರ, ವಿನ್ಯಾಸದಲ್ಲಿ ಯಾರೂ ಸರಿಯಾಗಿ ಲೆಕ್ಕಕ್ಕೆ ಹಿಡಿಯದೇ ಹೋದದ್ದು. ಅದನ್ನು ಓದುವಾಗ ನನಗೆ ಸಿಲ್ವರ್ ಓಕ್ ಪೆಟ್ಟಿಗೆಯ ವಾಸನೆ ಬಂತು. ಬ್ರೆಜಿಲ್‌ನ ಬ್ರುಮಾಡಿನ್ಹೊದಲ್ಲಿ 2019ರ ಜನವರಿ 25ರಂದು 270 ಜನ ಸತ್ತರು. ಅಲ್ಲಿಯ ಕಾರಣ ಬೇರೆ, ಕೆಸರಿನ ಮೇಲೆಯೇ ಒಳಮುಖವಾಗಿ ಕಟ್ಟೆ ಏರಿಸುತ್ತಾ ಹೋದ ಅಗ್ಗದ ವಿಧಾನ. ಆ ಕೆಸರಿನೊಳಗೆ ನೀರು ಉಳಿದಿತ್ತು. ಅದಾದ ಮೇಲೆ 2020ರಲ್ಲಿ ಟೇಲಿಂಗ್ಸ್‌ಗೆ ಜಾಗತಿಕ ಮಾನದಂಡ ಬಂತು. ಒಡೆದರೆ ಅತಿ ಹೆಚ್ಚು ಹಾನಿ ಮಾಡುವ ಕಟ್ಟೆಗಳು 10,000 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ, ಭೂಕಂಪ ತಡೆಯಬೇಕು ಅಂತ ಅದರಲ್ಲಿದೆ. ಹತ್ತು ಸಾವಿರ ವರ್ಷದ ಮಳೆಯನ್ನು ನಾಲ್ಕು ಬೂಷ್ಟು ಹಿಡಿದ ಪುಸ್ತಕದಿಂದ ಊಹಿಸಬೇಕು. ಆ ನಾಲ್ಕು ಇದ್ದದ್ದೇ ಅದೃಷ್ಟ.

ಈಗ ಬೇರೆ ರಾಜ್ಯಗಳ ಕೆಲಸಕ್ಕೆ ಹೋದಾಗಲೂ ನನ್ನ ಅಭ್ಯಾಸ ಬದಲಾಗಿದೆ. ಡ್ರಿಲ್ಲರ್‌ಗೆ ಮೀಟರ್ ಲೆಕ್ಕದ ಜೊತೆಗೆ ಮೇಲೆ ಬಂದ ಕೋರ್ ಲೆಕ್ಕದಲ್ಲೂ ದುಡ್ಡು ಕೊಡಿ ಅಂತ ಕರಾರಿನಲ್ಲೇ ಹಾಕಿಸುತ್ತೇನೆ. ರಾಡ್ ತಾನಾಗಿ ಇಳಿದ ಆಳ, ವಾಪಸು ಬರುವ ನೀರಿನ ಬಣ್ಣ ಬದಲಾದ ಆಳ ಅವನಿಗೆ ಗೊತ್ತಿರುತ್ತದೆ, ಟೀ ಕುಡಿಯುತ್ತಾ ಕೇಳಿದರೆ ಹೇಳುತ್ತಾನೆ. ಲಾಗ್‌ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ, ನಾನು ಪೆನ್ಸಿಲಿನಲ್ಲಿ ಸೇರಿಸುತ್ತೇನೆ. ಪೈಪು ಒಂದು ಮಳೆಗಾಲ ದಾಟುವವರೆಗೆ ತಳಪಾಯದ ಬಗ್ಗೆ ‘ತೃಪ್ತಿಕರ’ ಅನ್ನುವ ಪದ ಬರೆಯುವುದಿಲ್ಲ. ಇದಕ್ಕೆ ಬೈಸಿಕೊಂಡಿದ್ದೇನೆ, ಕೆಲಸವನ್ನೂ ಕಳೆದುಕೊಂಡಿದ್ದೇನೆ.

ಇನ್ನೊಂದನ್ನು ಜನ ಮರೆಯುವುದು ಹೆಚ್ಚು: ಮಲೆನಾಡಿನಲ್ಲಿ ಮಣ್ಣಿನ ಕೆಲಸ ಮಾಡಲು ಸಿಗುವುದು ವರ್ಷಕ್ಕೆ ಐದಾರು ತಿಂಗಳು. ಅದಿರು ಅರೆಯುವ ಗಿರಣಿ ಮಾತ್ರ ಹನ್ನೆರಡು ತಿಂಗಳೂ ಕೆಸರು ಉಗುಳುತ್ತದೆ. ಕಟ್ಟೆಯ ಎತ್ತರ ಯಾವಾಗಲೂ ಕೆಸರಿನ ಮಟ್ಟಕ್ಕಿಂತ ಒಂದು ಮಳೆಗಾಲ ಮುಂದಿರಬೇಕು. ಒಂದು ವರ್ಷ ಮಳೆ ಬೇಗ ಹಿಡಿದು ಏರಿಸುವುದು ಅರ್ಧಕ್ಕೆ ನಿಂತರೆ ಆಗ ಗಿರಣಿ ನಿಲ್ಲಿಸುವ ಧೈರ್ಯ ಯಾರಿಗಿದೆ? ಕಟ್ಟೆಯೊಳಗೆ ಮಣ್ಣು ತಡೆದು ನೀರು ಮಾತ್ರ ಬಿಡುವ ಸೋಸುಪದರಕ್ಕೆ ಬೇಕಾದ ತೊಳೆದ ಮರಳು ಎಲ್ಲಿಂದ ಬರುತ್ತದೆ? ಮುರಕಲ್ಲಿನ ಸೀಮೆಯಲ್ಲಿ ಮರಳು ಅಂದರೆ ಹೊಳೆಯ ಹಾಸು ಬಗೆಯಬೇಕು. ಕೆಸರಿನ ನೀರು ಹಿಂಡಿ ಒಣಗಿಸಿ ರಾಶಿ ಹಾಕುವ ವಿಧಾನ ಈಗ ಬಂದಿದೆ, ಬಳ್ಳಾರಿಯಂಥ ಬಿಸಿಲಿಗೆ ಚೆನ್ನ. ಇಲ್ಲಿ ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ.

ಕಟ್ಟೆ ಒಡೆದರೆ ಕೆಳಗೆ ಏನಿದೆ ಅನ್ನುವುದನ್ನು ನಾನು ಕೊನೆಗೆ ಹೇಳುತ್ತಿರುವುದು ನಮ್ಮ ವರದಿಗಳಲ್ಲಿ ಅದು ಕೊನೆಯ ಅಧ್ಯಾಯವಾಗಿ ಬರುವುದರಿಂದ. ನಡೆಯುವಾಗ ಅದೇ ಮೊದಲು ಸಿಗುತ್ತದೆ. ಎರಡನೇ ಕಣಿವೆಯ ಹಳ್ಳ ತೋಟದ ಲೈನ್ ಮನೆಗಳ ಹಿತ್ತಲಲ್ಲೇ ಹರಿಯುತ್ತಿತ್ತು. ನನಗೆ ಕಾಫಿ ಕೊಟ್ಟ ಮನೆಗೂ ಕಟ್ಟೆಯ ಗೆರೆಗೂ ಮಧ್ಯೆ ಒಂದು ಮೈಲಿ.

ಆ ಗಣಿ ಆಗಲಿಲ್ಲ. ನನ್ನ ವರದಿಯಿಂದ ನಿಂತಿತು ಅಂತ ಹೇಳಿಕೊಳ್ಳಲು ಆಸೆಯೇನೋ ಇದೆ, ಆದರೆ ಅರಣ್ಯದ ಪರವಾನಗಿಯೇ ಸಿಗಲಿಲ್ಲ, ಕಂಪನಿ ಜಾಗ ಖಾಲಿ ಮಾಡಿತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜಾರಿದಾಗ ಆ ಕಣಿವೆಯ ನೆನಪಾಗಿ, ಮಳೆ ಕಡಿಮೆಯಾದ ಮೇಲೆ ಹೋಗಿ ಬಂದೆ. ಬಲದಂಡೆಯ ದರೆ ಜರಿಗಿಡದ ಗೆರೆಯಿಂದ ಕೆಳಗೆ ಒಂದು ಕಡೆ ಕಳಚಿ ಬಿದ್ದಿತ್ತು, ಒಳಗಿನ ಬಿಳಿ ಕಾಣುತ್ತಿತ್ತು. ನನ್ನ ಬೋರ್‌ಹೋಲ್ ಮೂರು ಹುಡುಕಲು ಕಷ್ಟವಾಗಲಿಲ್ಲ. ಕಬ್ಬಿಣದ ಮುಚ್ಚಳ ಯಾರೋ ಗುಜರಿಗೆ ಹಾಕಿದ್ದಾರೆ. ಪೈಪಿನ ಬಾಯಿಗೆ ಕಪ್ಪು ಹೋಸು ಸಿಕ್ಕಿಸಿ, ಸೈಕಲ್ ಟ್ಯೂಬಿನಿಂದ ಬಿಗಿದು, ಲೈನ್ ಮನೆಯ ತೊಟ್ಟಿಗೆ ಎಳೆದುಕೊಂಡಿದ್ದಾರೆ. ತೊಟ್ಟಿ ತುಂಬಿ ಹರಿಯುತ್ತಿತ್ತು.

“ಮೋಟರ್ ಬೇಡ, ಕರೆಂಟ್ ಬೇಡ,” ಅಂದ ಪಾತ್ರೆ ತೊಳೆಯುತ್ತಿದ್ದ ಹುಡುಗ. “ಆರಿದ್ರೆಯಿಂದ ಸೆಪ್ಟೆಂಬರ್‌ವರೆಗೆ ಬರ್ತದೆ. ಆಮೇಲೆ ಒಂದು ದಿನ ನಿಂತೇ ಹೋಗ್ತದೆ.”